ಹಿಂದಿನ ಸೀಟಿನ ಅರವತ್ತು ಕೇಜಿ

ಮನೆಯಲ್ಲಿ ತನ್ನ ಮಾತಿಗೆ ಹುಲ್ಲುಕಡ್ಡಿಯ ತೂಕವೂ ಇಲ್ಲ ಎಂಬುದು ತಕ್ಕಡಿಯ ಬಹುದಿನದ ಕೊರಗು. ತಕ್ಕಡಿ ಎಂದರೆ ವಸ್ತುವಲ್ಲ, ಮನುಷ್ಯ. ಲಾರಿಗಳನ್ನು ಸರಕಿನ ಸಮೇತ ತೂಗುವ ವೇಬ್ರಿಡ್ಜಿನ ಗಾಜಿನ ಕೋಣೆಯಲ್ಲಿ ಕೂತು ಕೂತು ಅಂಟಿಕೊಂಡ ಅಡ್ಡಹೆಸರು ಅದು. ಎದುರಿಗೆ ಬಂದವರನ್ನು ಕಣ್ಣಲ್ಲೇ ತೂಗಿ ಕೇಜಿ ಹೇಳಿಬಿಡುವ ಚಾಳಿ ಬೇರೆ. (ಮದುವೆಯಾದ ಹೊಸತರಲ್ಲಿ ಹೆಂಡತಿಯ ತೂಕವನ್ನು ನೆಂಟರೆದುರು ಘೋಷಿಸಿ, ವಾರವಿಡೀ ಅವಳ ಮೌನವ್ರತದ ಫಲ ಉಂಡಿದ್ದ.)

ಅವನನ್ನು ಕಿಂಚಿತ್ತೂ ಲೆಕ್ಕಕ್ಕಿಡದಿದ್ದವರು ಅತ್ತೆ. ಕಾರಿನ ಹಿಂದಿನ ಸೀಟಿನ ಎಡಗಡೆ ಅವರ ಸಿಂಹಾಸನ. ಮನೆಯಲ್ಲಿ, ಫ್ಯಾನಿನ ಕೆಳಗಿನ ಬೆತ್ತದ ಕುರ್ಚಿ. ಮೊಣಕಾಲಿಗೆ ಮುಲಾಮು ತಿಕ್ಕಿಕೊಂಡು, "ನಿಧಾನ, ಅಳಿಯಂದ್ರೇ" ಎನ್ನುತ್ತಾ ಎರಡೂ ಕಡೆಯಿಂದ ಆಳಿದರು. ಅವರು ತೀರಿಕೊಂಡು ಆರು ತಿಂಗಳಾಗಿತ್ತು. ತಕ್ಕಡಿಗೆ ದುಃಖವಾಗಿತ್ತು, ಸುಳ್ಳು ಹೇಳಬಾರದು. ಆದರೆ ಬೆತ್ತದ ಕುರ್ಚಿಯಲ್ಲಿ ಮೊದಲ ಸಲ ಕಾಲು ಚಾಚಿದ ದಿನ ಅದು ತುಸು ಕಮ್ಮಿಯಾಯಿತು.

ಕಾರಿನ ಟೈರು ಸವೆದು ಬೋಳಾದವು. ಅಂಗಡಿಯವನು ಹಳೇ ಟೈರಿನ ಮಗ್ಗುಲಲ್ಲಿದ್ದ ಎಂಬತ್ತೆಂಟು ಎಂಬ ಅಚ್ಚನ್ನು ತೋರಿಸಿದ. "ಇದು ಭಾರದ ನಂಬರು ಸರ್. ಒಂದೊಂದು ಟೈರೂ ಐನೂರ ಅರವತ್ತು ಕೇಜಿ ಹೊರುತ್ತೆ. ಇವತ್ತು ನನ್ನ ಹತ್ರ ಎಂಬತ್ನಾಲ್ಕರದ್ದು ಮಾತ್ರ ಇದೆ, ಅದು ಹೊರೋದು ಐನೂರು. ಕಾರಿನ ಕಂಪನಿ ಹೇಳಿದ್ದಕ್ಕಿಂತ ಕೆಳಗಿಳೀಬಾರದು. ಸೋಮವಾರ ಬನ್ನಿ."

"ನನಗೇ ತೂಕದ ಪಾಠವೇನಯ್ಯಾ? ನಾಲ್ಕು ಟೈರಿಗೆ ಎರಡು ಸಾವಿರ ಕೇಜಿ ಆಯ್ತು. ಕಾರು, ನಾನು, ನಮ್ಮನೆಯವಳು, ಒಂದು ಪೆಟ್ಟಿಗೆ. ಹಿಂದಿನ ಸೀಟು ಈಗ ಖಾಲಿ. ಹಾಕು!"

"ಭಾರ ನಾಲ್ಕಕ್ಕೂ ಸಮನಾಗಿ ಬೀಳಲ್ಲ ಸರ್. ತಿರುವಿನಲ್ಲಿ ಒಂದರ ಮೇಲೇ ಕೂತ್ಕೊಳ್ಳುತ್ತೆ."

ತಕ್ಕಡಿ ಕೇಳಿದರೆ ತಾನೆ! ಎಂಬತ್ನಾಲ್ಕರದ್ದನ್ನೇ ಹಾಕಿಸಿಕೊಂಡು ಹೊರಟ.

ಭಾನುವಾರ ಬೆಳಿಗ್ಗೆ ಹೆಂಡತಿಯ ಅಕ್ಕನ ಮನೆಗೆ ಹೊರಟಾಗ ಅವನು ತನ್ನ ಗಣಿತಪಾಂಡಿತ್ಯವನ್ನು ಸವಿಸ್ತಾರವಾಗಿ ವರ್ಣಿಸಿದ. ಅವಳ ಮುಖ ಸಣ್ಣಗಾಯಿತು.

"ಅಂದ್ರೆ, ಅಮ್ಮನ್ನ ಲೆಕ್ಕದಿಂದ ತೆಗೆದುಹಾಕಿದ್ರಿ."

"ಅಯ್ಯೋ, ಅದು ಬರೀ ಟೈರಿನ ಲೆಕ್ಕ ಕಣೇ."

"ಕುರ್ಚೀನೂ ಟೈರಿನ ಲೆಕ್ಕವೇನು?"

ಅವಳು ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ತಕ್ಕಡಿಗೆ ಒಳಗೊಳಗೇ ಚುರುಕ್ಕೆಂದಿತು. ಸಮಾಧಾನದ ಮಾತಿಗೆ ಬಾಯಿ ತೆರೆಯುವಷ್ಟರಲ್ಲಿ, ಟಿಣ್, ಟಿಣ್, ಟಿಣ್. ಹಿಂದಿನ ಸೀಟಿನ ಎಡಗಡೆ ಕೂತವರು ಬೆಲ್ಟು ಹಾಕಿಲ್ಲವೆಂದು ಕೆಂಪು ದೀಪ ಮಿನುಗುತ್ತಿತ್ತು. ಕನ್ನಡಿಯಲ್ಲಿ ನೋಡಿದರೆ ಸೀಟು ಖಾಲಿ.

"ವೈರು ಸಡಿಲ ಆಗಿರ್ಬೇಕು," ಎಂದ. ತಿರುವು ಬಂತು. ಯಾರೋ ಮೈ ಸರಿಪಡಿಸಿಕೊಂಡಂತೆ ಹಿಂದಿನ ಸೀಟು ಕಿರ್ರೆಂದಿತು. ಮುಚ್ಚಿದ ಕಾರಿನೊಳಗೆ ಮುಲಾಮಿನ ಘಾಟು ಮೆಲ್ಲಗೆ ಹರಡಿತು. ಕಾರು ಎಡಕ್ಕೆ ವಾಲಿತು. ಇಳಿದು ನೋಡಿದರೆ ಮೂರು ಟೈರು ನೆಟ್ಟಗಿವೆ. ಹಿಂದಿನ ಎಡಗಡೆಯದು ಮಾತ್ರ ಹೊಟ್ಟೆ ಉಬ್ಬಿಸಿಕೊಂಡು ನೆಲಕ್ಕೆ ಕುಸಿದಿದೆ. ಗಾಳಿ ನೋಡಿದ, ನಾಲ್ಕರಲ್ಲೂ ಸಮ.

ವೇಬ್ರಿಡ್ಜು ಹತ್ತಿರದಲ್ಲೇ ಇತ್ತು. ರಜೆಯ ದಿನ, ಅಂಗಳದಲ್ಲಿ ನರಪಿಳ್ಳೆಯೂ ಇಲ್ಲ. ಯಂತ್ರ ಸುಳ್ಳಾಡುವುದಿಲ್ಲ ಎಂದು ತಕ್ಕಡಿ ಬೀಗ ತೆಗೆದು, ಹೆಂಡತಿಯನ್ನು ಇಳಿಸಿ, ಪೆಟ್ಟಿಗೆ ಕೆಳಗಿಟ್ಟು, ಬರೀ ಕಾರನ್ನು ತೂಗಿದ. ತನ್ನ ಕಾರಿನ ಖಾಲಿ ತೂಕ ಅವನಿಗೆ ಬಾಯಿಪಾಠ. ಅಂಕಿ ಓಡಿ ನಿಂತಿತು. ಅರವತ್ತು ಕೇಜಿ ಹೆಚ್ಚು. ಡಿಕ್ಕಿ ತೆಗೆದ, ಸೀಟಿನಡಿ ತಡವಿದ, ಏನೂ ಇಲ್ಲ. ಮತ್ತೆ ತೂಗಿದ. ಅರವತ್ತು.

"ಅಮ್ಮ ಎಷ್ಟಿದ್ರು?" ಹೆಂಡತಿ ಕೇಳಿದಳು.

ತಕ್ಕಡಿ ಇನ್ನೊಮ್ಮೆ ಆ ಅಂಕಿಯತ್ತ ನೋಡಿದ. ಅದೂ ಅವನಿಗೆ ಬಾಯಿಪಾಠವೇ.

ಅವಳು ಒಂದಿಷ್ಟೂ ಹೆದರಲಿಲ್ಲ. ಹಿಂದಿನ ಬಾಗಿಲು ತೆರೆದು, ಖಾಲಿ ಸೀಟಿಗೆ ಅಡ್ಡಲಾಗಿ ಬೆಲ್ಟು ಎಳೆದು ಸಿಕ್ಕಿಸಿ, ತಾನೂ ಪಕ್ಕದಲ್ಲೇ ಕೂತಳು. ಟಿಣ್ ಟಿಣ್ ನಿಂತಿತು. ಅಕ್ಕನ ಮನೆಯ ಆಸೆ ಬಿಟ್ಟು ಮನೆಯತ್ತ ತೆವಳುತ್ತಾ ಬರುವಾಗ, ತಾಯಿ ಮಗಳನ್ನು ಕರೆದೊಯ್ಯುವ ಬಾಡಿಗೆ ಡ್ರೈವರಿನಂತೆ ತಕ್ಕಡಿ ಮುಂದೆ ಒಬ್ಬನೇ ಬೆವರುತ್ತಿದ್ದ.

ಸೋಮವಾರ ಅಂಗಡಿ ತೆರೆಯುವ ಮುಂಚೆಯೇ ಬಾಗಿಲಲ್ಲಿ ನಿಂತಿದ್ದ. "ಎಂಬತ್ತೆಂಟರದ್ದೇ ಹಾಕಪ್ಪಾ."

"ಎಷ್ಟು ಜನ ಓಡಾಡ್ತೀರಿ ಸರ್?"

"ಮೂರು," ಎಂದಿತು ತಕ್ಕಡಿಯ ಬಾಯಿ, ಅವನನ್ನು ಕೇಳದೆ.

ಹೊಸ ಟೈರಿನ ಮೇಲೆ ಕಾರು ಸೆಟೆದು ನಿಂತಿತು. ಗಂಟೆಯಿಲ್ಲ, ಘಾಟಿಲ್ಲ. ವೇಬ್ರಿಡ್ಜಿನ ಮೇಲೆ ಹತ್ತಿಸಿದರೆ ಖಾಲಿ ತೂಕ, ಚಾಚೂ ತಪ್ಪದೆ. ತಕ್ಕಡಿ ಸಂಜೆ ಸೀಟಿ ಹೊಡೆಯುತ್ತಾ ಮನೆಗೆ ಬಂದ.

"ನೋಡಿದ್ಯಾ? ಎಲ್ಲಾ ಟೈರಿನ ಕಿತಾಪತಿ! ಕಾರಲ್ಲಿ ಈಗ ಒಂದು ಗ್ರಾಮೂ ಹೆಚ್ಚಿಲ್ಲ."

ಹೆಂಡತಿ ಬಟ್ಟೆ ಮಡಿಸುವುದನ್ನು ನಿಲ್ಲಿಸಲಿಲ್ಲ. "ಹೆಚ್ಚಿರಲ್ಲ ಬಿಡಿ. ಇಳಿದ್ರಲ್ಲ."

"ಯಾರು? ಎಲ್ಲಿ?"

ಅವಳು ಉತ್ತರಿಸುವ ಮೊದಲೇ ಮುಲಾಮಿನ ಘಾಟು ಮೂಗಿಗೆ ಬಡಿಯಿತು. ಫ್ಯಾನಿನ ಕೆಳಗೆ ಖಾಲಿ ಬೆತ್ತದ ಕುರ್ಚಿ ಮೆಲ್ಲಗೆ ಕಿರ್ರೆಂದಿತು. ಅದರ ಹೆಣಿಗೆ ನಡುವಿನಲ್ಲಿ ಕೆಳಗೆ ಜಗ್ಗಿತ್ತು. ತಕ್ಕಡಿ ಕಣ್ಣಲ್ಲೇ ತೂಗಿದ. ಅರವತ್ತು.

ಅವನು ಸದ್ದಿಲ್ಲದೆ ಮೂಲೆಯ ಮುಕ್ಕಾಲಿ ಎಳೆದುಕೊಂಡು ಕುಕ್ಕರಿಸಿದ. ಆರು ತಿಂಗಳಲ್ಲಿ ಮೊದಲ ಸಲ ಹೆಂಡತಿಯ ಮುಖದಲ್ಲಿ ನಗು ಕಂಡಿತು.

"ಅತ್ತೇ," ಎಂದ ತಕ್ಕಡಿ, ಗಂಟಲು ಸರಿಪಡಿಸಿಕೊಂಡು, "ಫ್ಯಾನು ಸ್ವಲ್ಪ ಜೋರು ಮಾಡ್ಲಾ?"