ಹದಿನಾರು ಅಕ್ಷರದ ಬೀಗದ ಕೈ

ನಮ್ಮ ದೊಡ್ಡಪ್ಪನಿಗೆ ಯಾರ ಮೇಲೂ ನಂಬಿಕೆಯಿಲ್ಲ ಅಂತ ಮಾಗಡಿಯಲ್ಲಿ ಹೇಳುವವರುಂಟು. ಅದು ಸುಳ್ಳು. ಅವರಿಗೆ ಎಲ್ಲರ ಮೇಲೂ ನಂಬಿಕೆಯಿದೆ, ಆದರೆ ಒಬ್ಬೊಬ್ಬರ ಮೇಲೂ ಕಾಲು ಭಾಗದಷ್ಟು ಮಾತ್ರ.

ಅವರು ಮೂವತ್ತು ವರ್ಷ ಸರ್ಕಾರಿ ಖಜಾನೆಯಲ್ಲಿ ಗುಮಾಸ್ತರಾಗಿದ್ದವರು. ಅಲ್ಲಿ ಭದ್ರತಾ ಕೋಣೆಗೆ ಎರಡು ಬೀಗ, ಅವುಗಳ ಕೈ ಇಬ್ಬರು ಬೇರೆ ಬೇರೆಯವರ ಹತ್ತಿರ. ಇಬ್ಬರೂ ಬಂದು ನಿಂತರಷ್ಟೇ ಬಾಗಿಲು ತೆರೆಯುತ್ತದೆ. ನಿವೃತ್ತಿಯ ದಿನ ಬೇರೆಯವರು ಆಫೀಸಿನಿಂದ ಹಾರ, ಶಾಲು ತರುತ್ತಾರೆ. ನಮ್ಮ ದೊಡ್ಡಪ್ಪ ಈ ಪದ್ಧತಿಯನ್ನೇ ಮನೆಗೆ ತಂದುಬಿಟ್ಟರು. ಮುಂಬಾಗಿಲಿಗೆ ಎರಡು ಬೀಗ ಹಾಕಿಸಿ, ಒಂದರ ಕೈ ತಾವಿಟ್ಟುಕೊಂಡು ಇನ್ನೊಂದನ್ನು ದೊಡ್ಡಮ್ಮನಿಗೆ ಕೊಟ್ಟರು. ದೊಡ್ಡಮ್ಮ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಚನ್ನಪಟ್ಟಣಕ್ಕೆ ಮದುವೆಗೆ ಹೋದ ದಿನ ದೊಡ್ಡಪ್ಪ ಸಂಜೆವರೆಗೆ ಸ್ವಂತ ಮನೆಯ ಜಗುಲಿಯ ಮೇಲೆ ಕೂತಿದ್ದರು. ಯಾಕೆ ಅಂತ ಕೇಳಿದವರಿಗೆಲ್ಲ, "ಗಾಳಿ ಚೆನ್ನಾಗೈತೆ" ಅಂದರಂತೆ.

ಇಂಥವರು ಕಂಪ್ಯೂಟರ್ ಕೊಂಡರೆ ಏನಾಗಬೇಕು? ಕನ್ನಡ ಟೈಪ್ ಮಾಡಲು ಒಂದು ಸಾಫ್ಟ್‌ವೇರ್ ತಂದರು. ಸಿ.ಡಿ. ಜೊತೆಗೆ ಹದಿನಾರು ಅಕ್ಷರದ ಲೈಸೆನ್ಸ್ ಕೀ ಬಂತು. ಅದನ್ನು ಒತ್ತಿದರಷ್ಟೇ ಸಾಫ್ಟ್‌ವೇರ್ ತೆರೆಯುತ್ತದೆ. ದೊಡ್ಡಪ್ಪ ಅದನ್ನು ಒಮ್ಮೆ ಒತ್ತಿ, ಆಮೇಲೆ ಅದು ಅಚ್ಚಾಗಿದ್ದ ಚೀಟಿಯನ್ನು ಕತ್ತರಿಯಿಂದ ನಾಲ್ಕು ತುಂಡು ಮಾಡಿದರು. ಒಂದು ಅವರ ಪರ್ಸಿಗೆ ಹೋಯಿತು. ಒಂದು ಕುದೂರಿನಲ್ಲಿರುವ ಭಾವಮೈದನಿಗೆ, ಒಂದು ಸಾತನೂರಿನ ತಂಗಿಗೆ, ಅಂದರೆ ನಮ್ಮ ಅತ್ತೆಗೆ. ನಾಲ್ಕನೆಯದು ರಾಮನಗರದಲ್ಲಿ ಹೈಸ್ಕೂಲ್ ಮೇಡಂ ಆಗಿರುವ ನನಗೆ.

"ಪೂರ್ತಿ ಒಬ್ಬರ ಕೈಲಿರಬಾರ್ದು ಕಣವ್ವ" ಅಂದರು.

"ಕದ್ದು ಏನ್ ಮಾಡ್ತಾರೆ ದೊಡ್ಡಪ್ಪ? ಕನ್ನಡ ಟೈಪ್ ಮಾಡ್ತಾರಾ?"

"ಮಾಡ್ಬುಟ್ರೆ?"

ಹತ್ತು ವರ್ಷ ಕಳೆಯಿತು. ಅಷ್ಟರಲ್ಲಿ ದೊಡ್ಡಮ್ಮ ಕಾಯಿಲೆ ಬಿದ್ದು ತೀರಿಕೊಂಡರು. ಅವರು ಹೋಗಿ ಮೂರು ವರ್ಷವಾದ ಮೇಲೆ, ಈ ಬೇಸಿಗೆಯಲ್ಲಿ, ಕಂಪ್ಯೂಟರೂ ಕಣ್ಣು ಮುಚ್ಚಿತು. ಮಾಗಡಿಯ ರಿಪೇರಿ ಅಂಗಡಿಯವರು ಒಳಗಿದ್ದದ್ದನ್ನು ಪೆನ್‌ಡ್ರೈವ್‌ಗೆ ತೆಗೆದುಕೊಟ್ಟು, ಎಲ್ಲ ಹೊಸದಾಗಿ ಹಾಕಿ, ಸಿ.ಡಿ.ಯನ್ನೂ ತುರುಕಿದರು. ಪರದೆಯ ಮೇಲೆ ಹದಿನಾರು ಖಾಲಿ ಮನೆ ಮೂಡಿದವು. ಕೀ ಹಾಕದೆ ಫೈಲು ತೆರೆದರೆ ಬರೀ ಪ್ರಶ್ನಾರ್ಥಕ ಚಿಹ್ನೆ, ಡಾಲರ್ ಗುರುತು. ಸಾಫ್ಟ್‌ವೇರ್ ಮಾಡಿದ ಕಂಪನಿಗೆ ಫೋನ್ ಮಾಡಿದರೆ ಅಂಥ ನಂಬರೇ ಇಲ್ಲ.

"ಈಗ ಕನ್ನಡ ಎಲ್ಲಾ ಕಡೆ ಪುಕ್ಕಟೆ ಸಿಗ್ತೈತೆ ಸಾರ್. ಅದನ್ನ ಬುಟ್ಬುಡಿ, ಹೊಸದಾಗಿ ಟೈಪ್ ಮಾಡ್ಕಳಿ" ಅಂದರು ಅಂಗಡಿಯವರು.

"ಹೊಸದಾಗಿ ಆಗಾಕಿಲ್ಲ" ಅಂದರು ದೊಡ್ಡಪ್ಪ. ಮುಖ್ಯವಾದ ದಾಖಲೆಯಂತೆ. ಮನೆ ಪತ್ರವೋ ಪಿಂಚಣಿಯ ಲೆಕ್ಕವೋ ಇರಬೇಕು ಅಂದುಕೊಂಡೆ.

ನನ್ನ ಪಾಡು ಕೇಳಿ. ನನ್ನ ನಾಲ್ಕಕ್ಷರ ಎಲ್ಲಿತ್ತು? ಬೀರು ಜಾಲಾಡಿದೆ, ಹಾಸಿಗೆ ಎತ್ತಿದೆ, ಗಂಡನ ಮೇಲೆ ರೇಗಿದೆ. ದೊಡ್ಡಪ್ಪ ದಿನಕ್ಕೆ ಆರು ಸಲ ಫೋನ್ ಮಾಡಿ, "ನಾಲ್ಕಕ್ಷರ ಮಡಿಕ್ಕಳಕಾಗದವಳು ಮಕ್ಕಳಿಗೇನವ್ವ ಹೇಳ್ಕೊಡ್ತೀಯಾ?" ಅನ್ನುವರು. ಮೂರನೇ ದಿನ, ಕೆಲಸ ಬಿಟ್ಟು ಎಲ್ಲಿಗಾದರೂ ಓಡಿಹೋಗೋಣ ಅಂತ ಮಾರ್ಕ್ಸ್ ಕಾರ್ಡುಗಳನ್ನು ಹೊರತೆಗೆದಾಗ ಚೀಟಿ ಅವುಗಳ ನಡುವೆ ಸಿಕ್ಕಿತು.

ಮುಂದೆ ಕುದೂರು. ಮಾವ ಚೀಟಿ ಕಳೆದುಹೋದೀತೆಂದು ಅಕ್ಷರಗಳನ್ನು ಹಜಾರದ ಗೋಡೆಯ ಮೇಲೆ, ಕ್ಯಾಲೆಂಡರ್ ಹಿಂದೆ ಬರೆದಿದ್ದರು. ಬಹಳ ಜೋಪಾನ. ಆಮೇಲೆ ಗೋಡೆಗೆ ಎರಡು ಸಲ ಬಣ್ಣ ಹೊಡೆಸಿದ್ದರು. ದೊಡ್ಡಪ್ಪ ಚೀಲದಿಂದ ಉಪ್ಪುಕಾಗದ ತೆಗೆದರು. ಮನೆಯಿಂದಲೇ ತಂದಿದ್ದರು, ಭಾವಮೈದನ ಮೇಲೆ ಅಷ್ಟು ನಂಬಿಕೆ. ಎರಡು ಗಂಟೆ ಉಜ್ಜಿದೆವು. ತಿಳಿ ಹಸಿರು ಹೋಯಿತು, ಗುಲಾಬಿ ಹೋಯಿತು, ಮಾವನ ಹೆಂಡತಿಯ ಮುಖದ ಕಳೆ ಹೋಯಿತು. ಮೂರು ಅಕ್ಷರ ಸ್ಪಷ್ಟವಾಗಿ ಕಂಡವು. ಕೊನೆಯದು ಬಿ ಇದ್ದರೂ ಇರಬಹುದು, ಎಂಟು ಇದ್ದರೂ ಇರಬಹುದು.

"ನೀನೇ ಬರೆದದ್ದಲ್ವೇನಪ್ಪ?" ಅಂದರು ದೊಡ್ಡಪ್ಪ.

"ಬರೆದದ್ದು ನಾನೇ ಭಾವ. ಓದೋದು ನೀವು ಅಂತ ಗೊತ್ತಿರಲಿಲ್ಲ."

ಉಳಿದದ್ದು ಸಾತನೂರು. ಅದೇ ಕಷ್ಟ. ಅಣ್ಣ ತಂಗಿ ಮಾತು ಬಿಟ್ಟು ಐದು ವರ್ಷ. ಅತ್ತೆಯ ಮಗಳ ಲಗ್ನಪತ್ರಿಕೆಯಲ್ಲಿ ದೊಡ್ಡಪ್ಪನ ಹೆಸರು ಇನ್ಯಾರದೋ ಹೆಸರಿನ ಕೆಳಗೆ ಅಚ್ಚಾಗಿತ್ತು, ಅಷ್ಟಕ್ಕೇ. ದೊಡ್ಡಮ್ಮ ತೀರಿಕೊಂಡಾಗ ಅತ್ತೆ ಬಂದು, ಅತ್ತು, ಅಣ್ಣನ ಕಡೆ ನೋಡದೆ ಹೊರಟಿದ್ದರು.

ಕನಕಪುರದಲ್ಲಿ ಬಸ್ ಬದಲಾಯಿಸಿ ಸಾತನೂರಿಗೆ ಹೋದೆವು. ದೊಡ್ಡಪ್ಪ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು, "ನೀನೋಗಿ ಇಸ್ಕೊಂಡ್ ಬಾ" ಅಂದರು. ಅತ್ತೆ ಡೇರಿಗೆ ಹಾಲು ಹಾಕಿ ಆಗತಾನೆ ಬಂದಿದ್ದರು. ನಾನು ಬಂದ ಕಾರಣ ಹೇಳಿದೆ.

"ಚೀಟಿ ಅವತ್ತೇ ಕಳ್ದೋಯ್ತು" ಅಂದರು.

ನಾನು ಹೊಸಿಲ ಮೇಲೆ ಕುಸಿದು ಕೂತೆ. ಮೂರು ಬಸ್ಸು, ಒಂದು ಗೋಡೆ, ನನ್ನ ರಜೆ, ಎಲ್ಲ ನೀರಿಗೆ.

"ಕಳ್ದೋದ್ರೆ ಏನ್ಲವ್ವ, ಬಾಯಲ್ಲೈತಲ್ಲ. ಅಣ್ಣ ಬೈತಾನೆ ಅಂತ ಮಗಳ ಕೈಲಿ ಓದಿಸಿ ಉರು ಹೊಡ್ದಿದ್ದೆ. ಹಸ ಕರೀವಾಗ ದಿನಾ ಒಂದ್ಸಲ ಹೇಳ್ಕತೀನಿ."

"ಹಂಗಾದ್ರೆ ಹೇಳಿ ಅತ್ತೆ, ಬರ್ಕೋತೀನಿ."

"ಊಹೂಂ. ಯಾರಿಗೂ ಹೇಳ್ಬೇಡ ಅಂತ ಅವನೇ ಆಣೆ ಇಡಿಸ್ಕಂಡವ್ನೆ. ನಾನೇ ಬಂದು ಆ ಪೆಟ್ಟಿಗೆಗೇ ಹೇಳ್ತೀನಿ."

ಸೀರೆ ಬದಲಾಯಿಸಿ ಹೊರಟೇಬಿಟ್ಟರು. ಬಸ್ಸಿನಲ್ಲಿ ಅತ್ತೆ ಮುಂದಿನ ಸೀಟಿನಲ್ಲಿ, ದೊಡ್ಡಪ್ಪ ಹಿಂದಿನ ಸೀಟಿನಲ್ಲಿ, ಕಂಬಿ ಹಿಡಿದು ನಡುವೆ ನಾನು. "ಸಕ್ಕರೆ ಕಾಯಿಲೆ ಹೆಂಗೈತೆ ಅಂತ ಕೇಳು" ಅನ್ನುವರು ದೊಡ್ಡಪ್ಪ. "ಐತೆ ಅನ್ನು" ಅನ್ನುವರು ಅತ್ತೆ. ಕನಕಪುರದಲ್ಲಿ ಇಳಿದಾಗ ಅತ್ತೆಯ ಚೀಲವನ್ನು ದೊಡ್ಡಪ್ಪ ಸುಮ್ಮನೆ ಇಸಿದುಕೊಂಡರು. ಅತ್ತೆ ಬಿಟ್ಟುಕೊಟ್ಟರು. ರಾಮನಗರ ದಾಟುವ ಹೊತ್ತಿಗೆ ಇಬ್ಬರೂ ಒಂದೇ ಸೀಟಿನಲ್ಲಿ ಕೂತು ನನ್ನ ಮರೆತಿದ್ದರು.

ಮಾಗಡಿಯಲ್ಲಿ ಕಂಪ್ಯೂಟರ್ ಹಾಕಿದೆ. ದೊಡ್ಡಪ್ಪನ ಪರ್ಸಿನ ನಾಲ್ಕು, ನನ್ನ ನಾಲ್ಕು, ಗೋಡೆಯ ನಾಲ್ಕು ಒತ್ತಿದೆ. ಅತ್ತೆ ಪರದೆಯ ಹತ್ತಿರ ಬಗ್ಗಿ, ಹಸುವಿಗೆ ಹೇಳುವ ರಾಗದಲ್ಲೇ, "ಎಮ್ಮು, ನೈನು, ಕ್ಯೂ, ತ್ರೀ" ಅಂದರು. ತಪ್ಪು ಅಂತ ಬಂತು. ಗೋಡೆಯ ಕೊನೆಯಕ್ಷರಕ್ಕೆ ಒತ್ತಿದ್ದ ಎಂಟು ಅಳಿಸಿ ಬಿ ಹಾಕಿದೆ. ತೆರೆಯಿತು.

ಪೆನ್‌ಡ್ರೈವಿನಲ್ಲಿದ್ದ ಫೈಲು ಒಂದೇ. ಅದರ ಹೆಸರು 'ದೂರು'.

"ನಿಮ್ಮ ದೊಡ್ಡಮ್ಮ ಕಾಯ್ಲೆ ಬಿದ್ದು ಮಲಗಿದ್ದಾಗ ಟೈಪ್ ಮಾಡಿದ್ದು" ಅಂದರು ದೊಡ್ಡಪ್ಪ. "ಮೂವತ್ತೆಂಟು ವರ್ಷದ್ದೂ ಹೇಳ್ತೀನಿ, ಬರ್ಕೋ ಅಂದ್ಲು. ಒಂದಕ್ಷರ ನಾನು ತಿದ್ದಿಲ್ಲ. ಕನ್ನಡಕ ಸಾಲ್ದು ನಂಗೆ. ನೀನೇ ಓದವ್ವ, ಅವಳು ಬೈಯೋ ಹಂಗೇ ಓದು."

ಓದಿದೆ. ಒಂದು: ಮದುವೆಯಾದ ಮೂರನೇ ದಿನ ನನ್ನ ಬಸ್‌ಸ್ಟ್ಯಾಂಡಲ್ಲಿ ನಿಲ್ಲಿಸಿ ತಾನೊಬ್ಬನೇ ಬಸ್ ಹತ್ಕಂಡು ಹೋದ.

"ಹೂಂ, ನಿಜ" ಅಂದರು ದೊಡ್ಡಪ್ಪ.

ಎರಡು: ನಮ್ಮವ್ವ ಮಾಡ್ಕಂಡು ಬಂದ ಕಜ್ಜಾಯ ಎಣಿಸಿ ಡಬ್ಬಕ್ಕೆ ಹಾಕಿದ.

"ನಿಜ."

ಅತ್ತೆ ನಗಲು ಶುರು ಮಾಡಿದರು, ನಾನೂ ನಕ್ಕೆ. ಪ್ರತಿಯೊಂದಕ್ಕೂ ದೊಡ್ಡಪ್ಪ ತಲೆ ತಗ್ಗಿಸಿ, ನಿಜ, ನಿಜ ಅಂತ ಒಪ್ಪಿಕೊಳ್ಳುತ್ತ ಹೋದರು. ಹೀಗೆ ನೂರು ದಾಟಿತು. ಕೊನೆಗೆ ನೂರ ಹನ್ನೆರಡು ಬಂತು. ಅಲ್ಲಿ ಬರೆದದ್ದು ಇಷ್ಟೇ: ಸುಸ್ತಾಗೈತೆ. ಇದೊಂದು ನಾಳೆ ಹೇಳ್ತೀನಿ.

ಅದರ ಕೆಳಗೆ ಏನೂ ಇರಲಿಲ್ಲ. ನಾನು ಓದು ನಿಲ್ಲಿಸಿದೆ. ದೊಡ್ಡಪ್ಪ ಪರದೆಯ ಕಡೆ ಕೊಂಚ ಬಾಗಿ, ಕಿವಿಗೊಟ್ಟು, "ಹೂಂ" ಅಂದರು.