ಇಟ್ಟಮಡುವಿನಿಂದ ಮಂಗಳ ಗ್ರಹಕ್ಕೆ

ಸಿನಿಮಾದಲ್ಲಿ ಅಸಿಸ್ಟೆಂಟ್ ಡೈರೆಕ್ಟರ್ ಆಗಿದ್ದವನು ತಮಾಷೆ ಹುಡುಕ್ಕೊಂಡು ಹೋಗಬೇಕಾಗಿಲ್ಲ. ಸುಮ್ನೆ ಒಂದು ಕಡೆ ಕೂತಿದ್ರೆ ಸಾಕು, ಅದೇ ಬಂದು ಪಕ್ಕದಲ್ಲಿ ಕೂತ್ಕೊಂಡು ಕಾಫಿ ಕೇಳುತ್ತೆ. ಅದರಲ್ಲೂ ನಾವು ಮಂಗಳ ಗ್ರಹದ ಪಿಕ್ಚರ್ ತೆಗೀತಿದ್ದ ಆ ಕಾಲದಲ್ಲಿ ನನಗೆ ನಕ್ಕೂ ನಕ್ಕೂ ಸಾಕಾಗಿತ್ತು.

ನಾನು ಸ್ಕೂಲಲ್ಲಿದ್ದಾಗ ಮಂಗಳ ಗ್ರಹದ ಮೇಲೆ ಕಪ್ಪು-ಬಿಳುಪಿನ ಪಿಕ್ಚರ್‌ಗಳು ಒಂದರ ಹಿಂದೊಂದು ಬಂದಿದ್ವು. ಎಲ್ಲದರಲ್ಲೂ ಒಬ್ಬನೇ ಕ್ಯಾಪ್ಟನ್. ರಾಕೆಟ್‌ನಲ್ಲಿ ಹೋಗ್ತಾನೆ, ಹಸಿರು ರಾಕ್ಷಸರನ್ನ ಹೊಡೀತಾನೆ, ಅಲ್ಲಿನ ರಾಜಕುಮಾರಿನ ಕರ್ಕೊಂಡು ವಾಪಸ್ ಬರ್ತಾನೆ. ಆಮೇಲೆ ಜನಕ್ಕೆ ಬೇಜಾರಾಗಿ ಮಂಗಳಕ್ಕೆ ಮಂಗಳ ಹಾಡಿದ್ರು. ಎಂಬತ್ತರ ದಶಕದಲ್ಲಿ ದಿನಸಿ ಮಂಡಿ ಯಜಮಾನ್ರೊಬ್ಬರು ಅದನ್ನೇ ಕಲರ್‌ನಲ್ಲಿ, ದೊಡ್ಡ ಪರದೆಗೆ, ಹೊಸ ಹೀರೋನ ಹಾಕ್ಕೊಂಡು ಮತ್ತೆ ತೆಗೀತೀನಿ ಅಂತ ಹೊರಟರು.

ಅಪ್ಪನ ಪಾರ್ಟು

ಜಯನಗರದಲ್ಲಿ ಒಂದು ಮನೆ ಮಹಡಿ ಮೇಲೆ ನಮ್ಮ ಆಫೀಸು. ಒಂದಿನ ಹಳೇ ಕ್ಯಾಪ್ಟನ್ನೇ ಮೆಟ್ಟಿಲು ಹತ್ತಿಕೊಂಡು ಬಂದರು. ತಲೆ ಪೂರ್ತಿ ನರೆತಿತ್ತು, ಎದೆ ಮಾತ್ರ ಇನ್ನೂ ಸೆಟೆದೇ ಇತ್ತು.

"ಯಜಮಾನ್ರೇ, ಹೊಸ ಹುಡುಗನೇ ಕ್ಯಾಪ್ಟನ್ ಆಗ್ಲಿ, ನನಗೇನೂ ಬೇಜಾರಿಲ್ಲ. ನನ್ನನ್ನೂ ಒಂದ್ಸಲ ರಾಕೆಟ್ ಒಳಗೆ ಕೂರಿಸ್ಬಿಡಿ, ಸಾಕು."

"ನೀವು ಕೂತಿದ್ದನ್ನ ಇಡೀ ಕರ್ನಾಟಕವೇ ನೋಡಿದೆಯಲ್ಲ ಸ್ವಾಮಿ?"

"ಎಲ್ಲಿ ಕೂತಿದ್ದೆ? ಆಗಿನ ರಾಕೆಟ್‌ಗೆ ಮುಂಭಾಗ ಮಾತ್ರ ಇತ್ತು, ಹಿಂದೆ ಏನೂ ಇಲ್ಲ. ಬಾಗಿಲು ತೆಗೆದು ಒಳಗೆ ಹೋದ್ರೆ ಆ ಕಡೆ ಬಿಸಿಲು, ಒಂದು ಟೀ ಕ್ಯಾನು. ಪ್ರತಿ ಸಲ ಮಂಗಳಕ್ಕೆ ಅಂತ ಹೋಗಿ ಟೀ ಕುಡ್ಕೊಂಡು ಬಂದಿದೀನಿ."

ನನಗೆ ಪಾಪ ಅನ್ನಿಸ್ತು. ಯಜಮಾನ್ರು ಕರಗಲಿಲ್ಲ. "ನಿಮಗೆ ಹೀರೋ ಅಪ್ಪನ ಪಾರ್ಟು ಇಟ್ಟಿದೀನಿ. ಕೆಳಗೆ ನಿಂತ್ಕೊಂಡು ಕೈ ಬೀಸಿ ಅಳಬೇಕು. ಆಗುತ್ತಾ?"

"ಆಗದೇ ಏನು," ಅಂದರು ಕ್ಯಾಪ್ಟನ್. "ಈಗಲೇ ಬರ್ತಾ ಇದೆ."

ನಿಂಬೆಹಣ್ಣು

ಇಟ್ಟಮಡು ಆಚೆ ಒಂದು ಕಲ್ಲಿನ ಕ್ವಾರಿಯಲ್ಲಿ ಸೆಟ್ ಹಾಕಿದ್ವಿ. ಈ ಸಲದ ರಾಕೆಟ್‌ಗೆ ಹಿಂದೂ ಇತ್ತು, ಮುಂದೂ ಇತ್ತು. ಪ್ಲೈವುಡ್ಡು, ಮೇಲೆ ತಗಡು, ಒಳಗೆ ಸೀಟು. ಕ್ಯಾಪ್ಟನ್ ದಿನಾ ಬಂದು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಕಿಟಕಿಯಲ್ಲಿ ಇಣುಕಿ, ನಿಟ್ಟುಸಿರು ಬಿಟ್ಟು ಹೋಗಿ ಮೇಕಪ್‌ಗೆ ಕೂರೋರು.

ಪೂಜೆಗೆ ಬನಶಂಕರಿ ಕಡೆಯಿಂದ ಒಬ್ಬ ಪುರೋಹಿತರನ್ನ ಕರೆಸಿದ್ರು. ವಾಹನ ಪೂಜೆ ಅಂತ ಹೇಳಿದ್ರೇ ಹೊರತು ಯಾವ ವಾಹನ ಅಂತ ಯಾರೂ ಹೇಳಿರಲಿಲ್ಲ. ಅವರು ಆರತಿ ಎಲ್ಲ ಮುಗಿಸಿ, ನಿಂಬೆಹಣ್ಣು ಕೈಯಲ್ಲಿ ಹಿಡ್ಕೊಂಡು ರಾಕೆಟ್ ಸುತ್ತ ಬಗ್ಗಿ ಬಗ್ಗಿ ನೋಡಿದ್ರು.

"ಚಕ್ರ ಎಲ್ರೀ?"

"ಇದಕ್ಕೆ ಚಕ್ರ ಇರಲ್ಲ ಸ್ವಾಮಿ, ನೇರ ಮೇಲಕ್ಕೆ ಹೋಗುತ್ತೆ," ಅಂದೆ.

"ಮೇಲಕ್ಕೆ ಎಲ್ಲಿಗೆ?"

"ಮಂಗಳ ಗ್ರಹಕ್ಕೆ. ನಮ್ಮ ಹೀರೋ ಹೋಗ್ತಾರೆ."

ಪುರೋಹಿತರು ಹೀರೋ ಮುಖ ನೋಡಿದ್ರು. ಮದುವೆ ಆಗಿದೆಯಾ ಅಂತ ಕೇಳಿದ್ರು. ಕುಜದೋಷ ಇದೆ, ಅದಕ್ಕೇ ಎಲ್ಲೂ ಕೂಡಿಬರ್ತಾ ಇಲ್ಲ ಅಂತ ಆ ಹುಡುಗ ತಲೆ ತಗ್ಗಿಸ್ಕೊಂಡು ಹೇಳಿದ.

"ಒಳ್ಳೇದೇ ಆಯ್ತಲ್ಲಪ್ಪ," ಅಂದ್ರು ಪುರೋಹಿತರು, ನಿಂಬೆಹಣ್ಣನ್ನ ಅವನ ಕೈಗೇ ಕೊಟ್ಟು. "ನಾವು ಇಲ್ಲಿಂದ ಎಷ್ಟು ಶಾಂತಿ ಮಾಡಿಸಿದ್ರೂ ಅಷ್ಟೇ. ನೀನು ಖುದ್ದಾಗಿ ಹೋಗಿ ಮಾತಾಡ್ಕೊಂಡು ಬಾ."

ಸೈಟು

ಕ್ವಾರಿ ಪಕ್ಕದಲ್ಲಿ ಹೊಸದಾಗಿ ಲೇಔಟ್ ಮಾಡಿದ್ರು. ಮನೆ ಒಂದೂ ಬಂದಿರಲಿಲ್ಲ. ಕೆಂಪು ಮಣ್ಣು, ಸಾಲಾಗಿ ನೆಟ್ಟ ಸೈಟ್ ಕಲ್ಲು, ಅಷ್ಟೇ. ನೋಡಿದ ತಕ್ಷಣ ನಮ್ಮ ಡೈರೆಕ್ಟರ್ ಇದೇ ಮಂಗಳ ಗ್ರಹ ಅಂದುಬಿಟ್ಟರು. ಬೆಳ್ಳಿ ಬಣ್ಣದ ನಾಲ್ಕು ಗುಡಿಸಲು ಹಾಕಿ, ಜೂನಿಯರ್ ಆರ್ಟಿಸ್ಟ್‌ಗಳಿಗೆ ಮೈಗೆಲ್ಲ ಹಸಿರು ಬಳಿದು ಕೂರಿಸಿದ್ವಿ.

ಒಂದು ಭಾನುವಾರ ರಿಟೈರ್ಡ್ ಗುಮಾಸ್ತರ ಥರ ಕಾಣ್ತಿದ್ದ ಒಬ್ಬರು ಛತ್ರಿ ಹಿಡ್ಕೊಂಡು, ಹೆಂಡತಿಗೆ ಸೈಟ್ ತೋರಿಸೋಕೆ ಅಂತ ಬಂದರು. ಕಲ್ಲು ಎಣಿಸ್ತಾ ಎಣಿಸ್ತಾ ಬಂದು ಗುಡಿಸಲ ಮುಂದೆ ನಿಂತುಬಿಟ್ಟರು. ಒಳಗೆ ಹಸಿರು ರಾಕ್ಷಸನೊಬ್ಬ ಚಿತ್ರಾನ್ನ ತಿಂತಿದ್ದ.

"ಯಾರ್ರೀ ನೀವು? ನನ್ನ ಸೈಟಲ್ಲಿ ಗುಡಿಸಲು ಹಾಕಿದೀರಲ್ಲ?"

ರಾಕ್ಷಸನ ಬಾಯ್ತುಂಬ ಅನ್ನ ಇತ್ತು. ನಮ್ಮ ಕ್ಯಾಪ್ಟನ್ನೇ ಓಡಿಬಂದು, "ಗಾಬರಿ ಆಗ್ಬೇಡಿ ಸಾರ್, ಇವರು ಮಂಗಳ ಗ್ರಹದೋರು," ಅಂದರು.

"ಯಾವ ಗ್ರಹದೋರಾದ್ರೆ ನನಗೇನ್ರೀ? ಸೈಟಿಗೆ ಅರ್ಜಿ ಹಾಕಿ ಅಲೆದೂ ಅಲೆದೂ ನನ್ನ ಚಪ್ಪಲಿ ಸವೆದಿದೆ. ಇವರು ಎಲ್ಲಿಂದಲೋ ಬಂದು ಕಾರ್ನರ್ ಸೈಟ್ ಹಿಡೀತಾರಾ?"

ಅವರ ಹೆಂಡತಿ ಆ ರಾಕ್ಷಸನನ್ನೇ ನೋಡ್ತಾ ಇದ್ರು. ಆಮೇಲೆ ಗಂಡನಿಗೆ ಮೆಲ್ಲಗೆ ಹೇಳಿದ್ರು: "ಇರ್ಲಿ ಬಿಡಿ, ಅವರನ್ನ ಕೇಳಿ. ಇಲ್ಲಿ ನೀರು ಬರುತ್ತಂತಾ?"

ಲಾಭ

ರಾಕೆಟ್ ಹಾರಿಸೋ ಶಾಟ್‌ಗೆ ಕ್ವಾರಿ ಮೇಲೆ ರಾಟೆ ಕಟ್ಟಿ ಹಗ್ಗ ಇಳಿಬಿಟ್ಟಿದ್ವಿ. ಹಿಂದಕ್ಕೆ ಎಣಿಸ್ತಾ ಬಂದು 'ಒಂದು' ಅಂದ ತಕ್ಷಣ ಆಳುಗಳು ಹಗ್ಗ ಎಳೀಬೇಕು, ಕೆಳಗೆ ಮದ್ದು ಹತ್ಕೊಂಡು ಹೊಗೆ ಬರಬೇಕು. ಎಣಿಸೋದು ತಮ್ಮ ಬಾಯಿಂದಲೇ ಆಗ್ಲಿ ಅಂತ ಯಜಮಾನ್ರು ಮೈಕ್ ಕಿತ್ಕೊಂಡರು. ರಿಹರ್ಸಲ್‌ಗೆ ಐದರಿಂದ ಶುರು ಮಾಡಿದ್ರೆ ಸಾಕು ಅಂದ್ರು ಡೈರೆಕ್ಟರ್.

"ಐದು... ನಾಲ್ಕು... ಮೂರು... ಎರಡು... ಲಾಭ."

ಹಗ್ಗ ಅಲ್ಲಾಡಲಿಲ್ಲ. ಆಳುಗಳು 'ಒಂದು' ಬರಲಿ ಅಂತ ಕಾಯ್ತಾನೇ ಇದ್ರು.

"ಯಜಮಾನ್ರೇ, ಒಂದು ಅನ್ನಿ," ಅಂದೆ.

"ಹುಟ್ಟಿದಾಗಿಂದ ಮಂಡಿಯಲ್ಲಿ ಕಾಳು ಅಳೀತಿದೀನಿ. ಮೊದಲನೇ ಸೇರಿಗೆ ಲಾಭ ಅಂತಲೇ ಅನ್ನೋದು. ಬಾಯಿ ಬೇರೆ ಥರ ತಿರುಗಲ್ಲ ಕಣ್ರೀ."

ಡೈರೆಕ್ಟರ್ ಸೋತು, ಸರಿ, ಲಾಭ ಅಂದಾಗಲೇ ಎಳೀರಪ್ಪ ಅಂದರು. ಹಗ್ಗ ಹಿಡಿದಿದ್ದ ಮೇಸ್ತ್ರಿ ಭಾರಿ ವಿನಯದಿಂದ ಕೇಳಿದ: "ಆಗ್ಲಿ ಸಾರ್. ಕೈ ಬಿಡೋದು ನಷ್ಟ ಅಂದಾಗಲಾ?"

ಯಜಮಾನ್ರು ಆ ಮಧ್ಯಾಹ್ನ ಊಟ ಮಾಡಲಿಲ್ಲ.

ಒಂದೇ ಟೇಕು

ಶಾಟ್ ದಿನ ಬಂತು. ಇದ್ದಿದ್ದು ಒಂದೇ ಸಲಕ್ಕಾಗೋ ಮದ್ದು. ಮಾರನೇ ದಿನದಿಂದ ಕ್ವಾರಿಯೋರು ಬಂಡೆ ಒಡೆಯೋಕೆ ಶುರು ಮಾಡ್ತಿದ್ರು. ಹೀರೋ ಒಳಗೆ ಕೂತಿದ್ದ. ಪಕ್ಕದ ಸೀಟು ಖಾಲಿ, ಅದು ವಾಪಸ್ ಬರೋವಾಗ ಮಂಗಳದ ರಾಜಕುಮಾರಿಗೆ ಅಂತ ಮಾಡಿಸಿದ್ದು. ಏಣಿ ಬುಡದಲ್ಲಿ ಪಂಚೆ, ಶಲ್ಯ ಹಾಕ್ಕೊಂಡು ಅಪ್ಪನ ವೇಷದಲ್ಲಿ ಕ್ಯಾಪ್ಟನ್. ಆ ದಿನ ಬಿಟ್ರೆ ಈ ಜನ್ಮದಲ್ಲಿ ರಾಕೆಟ್ ಇಲ್ಲ ಅಂತ ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಕ್ಯಾಮೆರಾ ಓಡ್ತು. ಬತ್ತಿಗೆ ಬೆಂಕಿ ಬಿತ್ತು. ಯಜಮಾನ್ರು ರಾಗಿ ಅಳೆಯೋ ಹಾಗೆ ನಿಧಾನವಾಗಿ ಶುರು ಮಾಡಿದ್ರು.

"ಹತ್ತು..."

ಕ್ಯಾಪ್ಟನ್ ಪಂಚೆ ಎತ್ತಿ ಕಟ್ಟಿ, ಏಣಿ ಹತ್ತೋಕೆ ಶುರು ಮಾಡಿದ್ರು. "ಒಂಬತ್ತು" ಅನ್ನೋ ಹೊತ್ತಿಗೆ ಅರ್ಧ ಏಣಿ, "ಎಂಟು" ಅನ್ನೋ ಹೊತ್ತಿಗೆ ಒಳಗೆ, "ಏಳು" ಅನ್ನೋ ಹೊತ್ತಿಗೆ ಸೀಟಲ್ಲಿ. ಬತ್ತಿ ಉರೀತಿತ್ತು, ನಿಲ್ಲಿಸೋ ಹಾಗಿಲ್ಲ. ನಾನು ಏಣಿ ಎಳ್ಕೊಂಡು ಓಡಿದೆ. ಯಜಮಾನ್ರು ಹಲ್ಲು ಕಚ್ಚಿಕೊಂಡು ಲಾಭದವರೆಗೂ ಬಂದರು. ಆಳುಗಳು ಯಾಕೋ ಭಾರ ಐತಲ್ಲ ಅಂತ ಗೊಣಗ್ತಾ ಎಳೆದ್ರು. ಹೊಗೆ ಮೇಲೆ ರಾಕೆಟ್ ಹೋಯ್ತು. ಕಿಟಕಿಯಲ್ಲಿ ಎರಡು ಮುಖ: ಹೆದರಿ ಕಣ್ಮುಚ್ಚಿದ್ದ ಹೊಸ ಕ್ಯಾಪ್ಟನ್, ನಮಗೆಲ್ಲ ಕೈ ಬೀಸ್ತಾ ಅಳ್ತಿದ್ದ ಹಳೇ ಕ್ಯಾಪ್ಟನ್. ಸುಳ್ಳು ಯಾಕೆ ಹೇಳಲಿ, ನನ್ನ ಕಣ್ಣಲ್ಲೂ ನೀರು ಬಂತು. ಹೊಗೆಗೆ ಅಂತ ಎಲ್ಲರಿಗೂ ಹೇಳಿದೆ.

ಕೆಳಗಿಳಿದ ಮೇಲೆ ಯಜಮಾನ್ರು ಉರಿದು ಬಿದ್ದರು. "ಯಾಕ್ರೀ ಹತ್ತಿದ್ರಿ?"

"ನೀವೇ ಮೈಕಲ್ಲಿ 'ಹತ್ತು' ಅಂದ್ರಲ್ಲ ಯಜಮಾನ್ರೇ. ಇಷ್ಟು ವಯಸ್ಸಾದೋನಿಗೆ ಏಕವಚನದಲ್ಲಿ ಹೇಳಿದ್ರಿ. ಆದ್ರೂ ಬೇಜಾರು ಮಾಡ್ಕೊಳ್ಳದೆ ಹತ್ತಿದೆ."

ಡೈರೆಕ್ಟರ್ ಕ್ಯಾಮೆರಾ ಹಿಂದಿನಿಂದ, "ಶಾಟ್ ಸಖತ್ತಾಗಿ ಬಂದಿದೆ, ಅಪ್ಪನೂ ಜೊತೇಲಿ ಹೋಗ್ಲಿ ಬಿಡಿ," ಅಂದರು. ಯಜಮಾನ್ರಿಗೆ ಸೋಲೋಕೆ ಮನಸ್ಸಿಲ್ಲ.

"ಹಂಗಾದ್ರೆ 'ಏಳು' ಅಂದಾಗ ಎದ್ದು ಬರಬೇಕಿತ್ತು. ಅದು ಹೀರೋಯಿನ್ ಸೀಟು ಕಣ್ರೀ."

ಕ್ಯಾಪ್ಟನ್ ಶಲ್ಯ ಕೊಡವಿ ಹೆಗಲ ಮೇಲೆ ಹಾಕ್ಕೊಂಡರು.

"ಲೇಡೀಸ್ ಸೀಟು ಅಂತ ಗೊತ್ತು ಯಜಮಾನ್ರೇ. ಆದ್ರೆ ಲೇಡೀಸ್ ಹತ್ತೋದು ಮಂಗಳದ ಸ್ಟಾಪಲ್ಲಿ. ಅಲ್ಲೀವರೆಗೂ ಗಂಡಸ್ರು ಕೂರಬಹುದು."