ಮೈದುನನ ಕಲ್ಲುಗಳೂ ನನ್ನ ಗೊಂಬೆ ಮೆಟ್ಟಿಲೂ

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಯಾವುದು ಮೊದಲು ನಡೆಯಿತು, ಯಾವುದು ಆಮೇಲೆ ಎಂಬ ವಿಷಯದಲ್ಲಿ ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಎಂಬತ್ತರ ದಶಕದ ಕೊನೆಯ ಒಂದು ನವರಾತ್ರಿ ಎಂಬುದಷ್ಟು ಖಚಿತ. ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವಳು ಎಂಬುದೂ ಖಚಿತ. ಸರ್ಟಿಫಿಕೇಟ್ ಇದೆ.

ಆಗ ನಾವು ಮುಂಬಯಿಯ ಭಾಂಡುಪ್‌ನಲ್ಲಿದ್ದೆವು. ನಮ್ಮ ಜೊತೆಯಲ್ಲೇ ಇದ್ದ ನನ್ನ ಮೈದುನ ಕಂಠಿ ಭೂವಿಜ್ಞಾನ ಓದಿ, ಅಂಧೇರಿಯ ಒಂದು ಸಂಶೋಧನಾ ಕಚೇರಿಯಲ್ಲಿ ಟೆಂಪರರಿ ನೌಕರನಾಗಿದ್ದ. ಥಾಣೆಯ ಆಚೆ ಬಿಸಿನೀರಿನ ಬುಗ್ಗೆಗಳಿವೆಯಲ್ಲ, ಅಲ್ಲಿ ನೆಲ ಕೊರೆದು, ಬಿಸಿನೀರು ಯಾವ ಪದರದಿಂದ ಬರುತ್ತದೆಂದು ಹುಡುಕುವುದು ಅವನ ಕೆಲಸ. ಆ ಶಾಖದಿಂದ ಕರೆಂಟು ತೆಗೆಯಬಹುದಂತೆ. ಕಲ್ಲಿದ್ದಲು ಬೇಡ, ಹೊಗೆ ಇಲ್ಲ!

"ಕರೆಂಟು ಆಮೇಲೆ ತೆಗಿಯೋ. ಮೊದಲು ನಮ್ಮ ಬಿಲ್ಡಿಂಗಿಗೆ ತಣ್ಣೀರು ಬರೋ ಹಾಗೆ ಮಾಡು" ಎಂದು ನನ್ನವರು ರೇಗಿಸುತ್ತಿದ್ದರು.

ಆ ಸಲ ಕಂಠಿ ಟೆಂಪೋದಲ್ಲಿ ಮೂರು ಉದ್ದನೆಯ ಮರದ ಪೆಟ್ಟಿಗೆ ತಂದಿಳಿಸಿದ. ಒಳಗೆ, ಕೊರೆದ ಬಾವಿಯಿಂದ ತೆಗೆದ ಲಟ್ಟಣಿಗೆಯಂಥ ದುಂಡನೆಯ ಕರಿಕಲ್ಲುಗಳು, ಸಾಲು ಸಾಲು. ಕಚೇರಿಯ ಗೋಡೌನು ಸೋರುತ್ತಿತ್ತಂತೆ.

"ಅತ್ತಿಗೆ, ಇದು ಭೂಮಿಯ ಆತ್ಮಕಥೆ. ಆರೂವರೆ ಕೋಟಿ ವರ್ಷದ ಹಿಂದೆ ಇಲ್ಲೆಲ್ಲ ಲಾವಾ ಹರಿದು, ಪದರದ ಮೇಲೆ ಪದರ ಕೂತಿದೆ. ಸೋಮವಾರ ಸಾಹೇಬರು ಇಲ್ಲಿಗೇ ಬಂದು ನೋಡ್ತಾರೆ. ಒಪ್ಪಿದರೆ ಇನ್ನೂ ಆಳಕ್ಕೆ ಕೊರೀತೀವಿ, ನನ್ನ ಕೆಲಸ ಪರ್ಮನೆಂಟ್. ಇಲ್ಲದಿದ್ದರೆ ಬಾವಿ ಮುಚ್ಚಿತು, ನಾನು ಮೈಸೂರು ಗಾಡಿ ಹತ್ತಿದೆ."

ಮತ್ತೆ ಸೈಟಿಗೆ ಹೊರಡುವಾಗ ಒಂದು ಸೂಚನೆ ಕೊಟ್ಟ. "ನೀರು ತಾಗಿಸಬೇಡಿ" ಎಂದನೆಂದು ನನ್ನ ನೆನಪು. "ಮುಟ್ಟಬೇಡಿ" ಎಂದನೆಂದು ನನ್ನವರ ನೆನಪು. ಒಂದೇ ಹಾಲ್‌ನಲ್ಲಿ, ಒಂದೇ ಬಾಯಿಂದ ಬಂದ ಮಾತು!

ನಮ್ಮ ಮೈಸೂರು ಕಡೆಯವರು ನವರಾತ್ರಿಗೆ ಗೊಂಬೆ ಕೂರಿಸಬೇಕು. ಗೊಂಬೆಗೆ ಮೆಟ್ಟಿಲು ಬೇಕು. ಪ್ರತಿ ವರ್ಷ ಟ್ರಂಕು, ಸ್ಟೂಲು ಪೇರಿಸಿ ಬಿಳಿ ಪಂಚೆ ಹೊದಿಸುತ್ತಿದ್ದೆ. ಪ್ರತಿ ವರ್ಷ ಪಟ್ಟದ ರಾಜ ಉರುಳಿ ಬೀಳುತ್ತಿದ್ದ. ಈಗ ಮನೆಯಲ್ಲೇ ಮೂರು ಗಟ್ಟಿ ಪೆಟ್ಟಿಗೆ! ಆದರೆ ಪಕ್ಕದ ಮನೆಯ ವನಜಕ್ಕನೂ ನಾನೂ ಸೇರಿ ಎತ್ತಿದರೂ ಅಲುಗಲಿಲ್ಲ. ಆದ್ದರಿಂದ ಖಾಲಿ ಮಾಡಿದೆವು.

ಒಂದು ಕಲ್ಲಿಗೂ ಹನಿ ನೀರು ತಾಗಿಸಲಿಲ್ಲ. ಮೇಲೆ ಯಾರೋ ಸೀಮೆಸುಣ್ಣದಲ್ಲಿ ಏನೇನೋ ಗೀಚಿದ್ದರು. ಅದನ್ನೂ ಒಣಬಟ್ಟೆಯಲ್ಲೇ ಒರೆಸಿದೆ! ನಡುನಡುವೆ ಪೆನ್ಸಿಲ್ ಗುರುತಿನ ಮರದ ತುಂಡುಗಳಿದ್ದವು. ಅವು ಅಲುಗಾಡುವ ಗೊಂಬೆಗಳ ಕಾಲ ಕೆಳಗೆ ಹೋದವು. ಕಲ್ಲುಗಳನ್ನು ಪೇರಿಸಿ ಬೆಟ್ಟ ಮಾಡಿ, ಚನ್ನಪಟ್ಟಣದ ಆನೆ ಹತ್ತಿಸಿದೆ.

ವನಜಕ್ಕ ಉಡುಪಿಯವರು, ಗಂಡನದು ಸ್ಟೇಷನ್ ಹತ್ತಿರ ಹೋಟೆಲು. ಒಂದು ಕಲ್ಲನ್ನು ಕೈಯಲ್ಲಿ ತೂಗಿದರು. "ಎಂಥ ಚಂದ ಉಂಟು ಮಾರಾಯ್ರೆ! ಒಂದು ಕೊಡಿ, ಶುಂಠಿ ಜಜ್ಜಲಿಕ್ಕೆ ಆಗ್ತದೆ."

"ಆರೂವರೆ ಕೋಟಿ ವರ್ಷದ್ದು ವನಜಕ್ಕ, ಜೋಪಾನ."

"ಹೌದಾ? ಹಾಗಾದರೆ ಗಟ್ಟಿ ಇರ್ತದೆ."

ಒಂದು ತುಂಡು ಮಾತ್ರ ಇಟ್ಟಿಗೆಯ ಹಾಗೆ ಕೆಂಪು. ಮುಟ್ಟಿದರೆ ಪುಡಿ ಉದುರುತ್ತಿತ್ತು. ಕೆಮ್ಮಣ್ಣು! ಮುಂಬಯಿಗೆ ಬಂದಮೇಲೆ ರಂಗೋಲಿಗೆ ಅಂಚು ಎಳೆಯಲು ಕೆಮ್ಮಣ್ಣಿಲ್ಲದೆ ಎಷ್ಟು ಪರದಾಡಿದ್ದೆ! ತುಂಡಿನ ಎರಡೂ ತುದಿ ಉಜ್ಜಿ ಪುಡಿ ತೆಗೆದು, ನೀರಿನಲ್ಲಿ ಕಲಸಿ, ಹೊಸ್ತಿಲ ಮುಂದೆ ಬಳಿದೆ. ನೀರು ತಾಗಿಸಿದ್ದು ನಿಜ. ಆದರೆ ಅಷ್ಟು ಹೊತ್ತಿಗೆ ಅದು ಕಲ್ಲಾಗಿ ಉಳಿದಿರಲಿಲ್ಲ.

ಭಾನುವಾರ ಕಂಠಿ ಸೈಟಿನಿಂದ ಬಂದ. ಬಾಗಿಲಲ್ಲೇ ನಿಂತು ಸಂತೋಷದಿಂದ ಕೇಳಿದ: "ಅತ್ತಿಗೆ, ಇಷ್ಟು ಒಳ್ಳೇ ಕೆಮ್ಮಣ್ಣು ಎಲ್ಲಿ ಸಿಕ್ಕಿತು? ನನ್ನ ಪೆಟ್ಟಿಗೇಲೂ ಥೇಟ್ ಇದೇ ಬಣ್ಣದ್ದು ಒಂದು..."

ಬೆಟ್ಟದ ಮೇಲಿನ ಆನೆಯನ್ನು ನೋಡಿದ. ಮೆಲ್ಲಗೆ ಕುಸಿದು ಕೂತ. ರಂಗೋಲಿಯ ಮೇಲೆ!

"ಅತ್ತಿಗೆ, ಲಾವಾ ನಿಂತು ಭೂಮಿ ಸುಧಾರಿಸಿಕೊಂಡ ಕಾಲ ಅದು. ಮೇಲ್ಮೈ ಎಲ್ಲ ಮಣ್ಣಾಗಿ, ಅದರ ಮೇಲೆ ಮತ್ತೆ ಲಾವಾ ಹರೀತು. ಆ ಬಾವೀಲಿ ಬಿಸಿನೀರು ಅದರ ಪಕ್ಕದಲ್ಲೇ ಬರೋದು. ಅದು ಎಷ್ಟು ಆಳದಲ್ಲಿದೆ ಅನ್ನೋದೇ ನನ್ನ ಇಡೀ ರಿಪೋರ್ಟು."

"ಅಳತೆ ಎಲ್ಲೂ ಬರೆದುಕೊಂಡಿಲ್ಲವೇನೋ?" ಎಂದರು ನನ್ನವರು.

"ಕಲ್ಲಿನ ಮೇಲಿತ್ತು, ಅಣ್ಣ. ಮರದ ತುಂಡಿನ ಮೇಲಿತ್ತು. ಇವತ್ತು ಕೂತು ಬರೆದುಕೊಳ್ಳೋಣ ಅಂತಿದ್ದೆ."

ವನಜಕ್ಕ ಸಮಾಧಾನ ಹೇಳಿದರು: "ರಂಗೋಲಿ ಗುಡಿಸಿ ಕೊಡುವಾ?"

ಕೊರೆಯುವಾಗ ಮುರಿದ ಕಲ್ಲಿನ ತುದಿಗಳನ್ನು ಒಂದಕ್ಕೊಂದು ಕೂಡಿಸಿ ನೋಡುವುದೊಂದೇ ದಾರಿ ಎಂದ ಕಂಠಿ. ಪಾಪ, ಆನೆಯನ್ನು ಮಾತ್ರ ಎರಡೂ ಕೈಯಲ್ಲಿ ಮೆತ್ತಗೆ ಇಳಿಸಿದ. ಸಂಜೆ ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರಿಗೆ ಕೂರಲು ಜಾಗವಿರಲಿಲ್ಲ. ಅವರೂ ರೇಷ್ಮೆ ಸೀರೆ ಎತ್ತಿ ಸಿಕ್ಕಿಸಿಕೊಂಡು ಕಲ್ಲು ಹೊಂದಿಸತೊಡಗಿದರು. "ಇದಕ್ಕೆ ಇದು ಕೂರಲ್ಲ, ಅದು ಕೊಡಿ ಇಲ್ಲಿ!" ಹಾಡು ಹೇಳಬೇಕಾದವರೆಲ್ಲ ಲಾವಾ ಜೋಡಿಸಿದರು. ವನಜಕ್ಕ ತಮ್ಮ ಕಲ್ಲನ್ನು ತೊಳೆದು ತಂದುಕೊಟ್ಟರು.

ಎಲ್ಲ ಕೂಡಿತು, ಕೆಂಪು ತುಂಡೊಂದು ಬಿಟ್ಟು. ಎರಡೂ ತುದಿ ನಾನು ನುಣ್ಣಗೆ ಉಜ್ಜಿದ್ದೆನಲ್ಲ! ಕೊರೆಯುವಾಗ ಒಂದಿಷ್ಟು ಕಲ್ಲು ಪುಡಿಯಾಗಿಯೇ ಹೋಗುತ್ತದಂತೆ, ಹಾಗಾಗಿ ಮೇಲೊಂದು, ಕೆಳಗೊಂದು ಖಾಲಿ ಜಾಗ ಉಳಿದಿತ್ತು. ಎರಡರಲ್ಲೂ ಅದು ಅಷ್ಟೇ ಚೆನ್ನಾಗಿ ಕೂರುತ್ತಿತ್ತು. ಕಂಠಿ ಕಣ್ಣು ಮುಚ್ಚಿಕೊಂಡು ಏನೋ ಯೋಚಿಸಿ ಒಂದು ಕಡೆ ಇಟ್ಟ. ಅದು ಜ್ಞಾಪಕಶಕ್ತಿಯೋ ಪ್ರಾರ್ಥನೆಯೋ ನನಗೆ ತಿಳಿಯಲಿಲ್ಲ.

ಸೋಮವಾರ ಸಾಹೇಬರು ಬಂದರು. ಬಗ್ಗಿ ಬಹಳ ಹೊತ್ತು ನೋಡಿದರು. ಒಂದು ಕಲ್ಲನ್ನು ಎತ್ತಿ ಮೂಸಿದರು. ನಾನು ಕೊಟ್ಟ ಉಸಲಿ ತಿಂದು ಹೋದರು. ಕಂಠಿಯ ಕೆಲಸ ಪರ್ಮನೆಂಟ್ ಆಯಿತು, ಬಾವಿಯನ್ನು ಇನ್ನೂ ಆಳಕ್ಕೆ ಕೊರೆದರು. ನಮ್ಮ ಮನೆಗೆ ಬರುವ ಕರೆಂಟು ಮಾತ್ರ ಇನ್ನೂ ಕಲ್ಲಿದ್ದಲಿನದೇ ಎಂದು ನನ್ನವರು ಆಗಾಗ ಹೇಳುತ್ತಾರೆ, ನನ್ನ ಮುಖ ನೋಡಿಕೊಂಡು.

ಕೆಲವು ವರ್ಷಗಳ ನಂತರ ಕಂಠಿಗೆ ನಾಗಪುರಕ್ಕೆ ವರ್ಗವಾಯಿತು. ಕುರ್ಲಾದಲ್ಲಿ ಅವನನ್ನು ರೈಲು ಹತ್ತಿಸಲು ಹೋಗಿದ್ದೆ. ಇತಿಹಾಸ ಓದಿದವರು ಬಹಳ ಜನರಿದ್ದಾರೆ. ಭೂಮಿಯ ವಿಶ್ರಾಂತಿಯನ್ನು ಒಂದು ಪದರ ಮೇಲಕ್ಕೋ ಕೆಳಕ್ಕೋ ಸರಿಸಿದವಳು ನಾನೊಬ್ಬಳೇ ಇರಬೇಕು. ಧೈರ್ಯ ಮಾಡಿ ಕಿಟಕಿಯ ಸರಳು ಹಿಡಿದು ಕೇಳಿಯೇಬಿಟ್ಟೆ:

"ಕಂಠಿ, ನಿಜ ಹೇಳಪ್ಪ, ಆ ಕೆಂಪು ತುಂಡು ಮೇಲಿನದೋ, ಕೆಳಗಿನದೋ?"

ಅವನು ನನ್ನ ಕೈಯಿಂದ ಚಿತ್ರಾನ್ನದ ಡಬ್ಬಿ ತೆಗೆದುಕೊಂಡ. ರೈಲು ಹೊರಟಿತು.